ಗುಂಯ್‌ಗುಡುವ ಗಿಟಾರು ಕೆಟ್ಟಿದ್ದಲ್ಲ

ಪದವಿ ಮುಗಿದು ಎರಡು ವರ್ಷವಾಯಿತು. ಹಗಲು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಸಂಜೆ ಗೆಳೆಯರ ಆರ್ಕೆಸ್ಟ್ರಾ. ನಮ್ಮೂರು ಇಟಗಿ. ಮಹಾದೇವ ದೇವಾಲಯ ನೋಡಲು ಬರುವವರಿಗೆ ಊರು ಗೊತ್ತು, ಆದರೆ ಇಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಓಡಾಡಿದರೆ ಇವತ್ತಿಗೂ ಮಕ್ಕಳು ಬೆನ್ನು ಹತ್ತುತ್ತಾರೆ.

ಆರು ಸಾವಿರಕ್ಕೆ ಕೊಂಡ ಹಳೆಯ ಗಿಟಾರು ನನ್ನದು. ಆಕಾರ ಸ್ಟ್ರಾಟೋಕಾಸ್ಟರಿನದು, ಮೂರು ಸಿಂಗಲ್ ಕಾಯಿಲ್ ಪಿಕಪ್. ಆಂಪ್ಲಿಫೈಯರ್‌ಗೆ ಹಚ್ಚಿದರೆ ಸಾಕು, ಗುಂಯ್ ಅನ್ನುತ್ತಿತ್ತು. ನಗರದ ಅಂಗಡಿಯೊಂದಕ್ಕೆ ಒಯ್ದೆ. ‘ಇದನ್ನು ಬಿಸಾಕಿ, ಮೂವತ್ತೈದು ಸಾವಿರದ್ದು ತಗೊಳ್ಳಿ, ಕಂತು ಮಾಡಿಕೊಡ್ತೀವಿ’ ಎಂದರು. ಮನೆಗೆ ಬಂದು ಹೇಳಿದೆ. ‘ಶೇಂಗಾ ಮಾರಿದ ರೊಕ್ಕ ಐತಿ, ತಗೋ ಹೋಗು’ ಅಂದ ಅಣ್ಣ. ಅದು ನನ್ನ ಕೋಚಿಂಗ್ ಫೀಸಿಗೆಂದು ತೆಗೆದಿಟ್ಟ ರೊಕ್ಕ. ಅವನು ಅಷ್ಟು ಸಲೀಸಾಗಿ ಅಂದದ್ದಕ್ಕೇ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆ ರೊಕ್ಕ ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಸಿಂಗಲ್ ಕಾಯಿಲ್ ಅಂದರೆ ಆರು ಅಯಸ್ಕಾಂತದ ಕಂಬಗಳ ಸುತ್ತ ತಲೆಗೂದಲಿಗಿಂತ ದಪ್ಪವಲ್ಲದ ತಾಮ್ರದ ತಂತಿಯ ಸುಮಾರು 8,000 ಸುತ್ತು, ಇಷ್ಟೇ. ಉಕ್ಕಿನ ತಂತಿ ಕಂಪಿಸಿದಾಗ ಈ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಗೆಜ್ಜೆಯಂಥ ಆ ತಿಳಿ ದನಿ ಬರುವುದು ಇಲ್ಲಿಂದಲೇ. ಆದರೆ ಸುರುಳಿಗೆ ಗಿಟಾರಿನ ತಂತಿ ಯಾವುದು, ಟ್ಯೂಬ್‌ಲೈಟಿನ ಚೋಕ್ ಯಾವುದು ಎಂದು ತಿಳಿಯುವುದಿಲ್ಲ. ನಮ್ಮ ಕರೆಂಟಿನ 50 ಹರ್ಟ್ಸ್ ಕೂಡ ಅದರೊಳಗೆ ಬಂದು ಕೂರುತ್ತದೆ. ಈ ಗುಂಯ್ ಕಳೆಯಲೆಂದೇ ಎರಡು ಸುರುಳಿಯ ಹಂಬಕರ್ ಬಂತು. ಗಿಬ್ಸನ್ ಕಂಪನಿಯ ಸೇತ್ ಲವರ್ ಅದರ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1955ರಲ್ಲಿ. ಗುಂಯ್ ಹೋಯಿತು, ಜೊತೆಗೆ ಆ ತಿಳಿತನದಲ್ಲೂ ಒಂದಷ್ಟು ಹೋಯಿತು. ಹೆವಿ ಮೆಟಲ್ ನುಡಿಸುವವರು ಹಂಬಕರ್ ಕೊಳ್ಳಲಿ, ತಕರಾರಿಲ್ಲ. ಹಳೆಯ ಸಿನಿಮಾ ಹಾಡು ನುಡಿಸುವ ನನಗೆ ಬೇಕಿದ್ದದ್ದು ತಿಳಿ ದನಿಯೇ.

ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ಮರದ ಕುಳಿಗೆ ಯಾವ ಹೊದಿಕೆಯೂ ಇರಲಿಲ್ಲ. ತಾಮ್ರದ ಅಂಟುಪಟ್ಟಿ ತರಿಸಿ ಒಳಗೆಲ್ಲ ಅಂಟಿಸಿ ಅರ್ಥ್‌ಗೆ ಸೇರಿಸಿದೆ. ಗುಂಯ್ ಪೂರ್ತಿ ಹೋಗಲಿಲ್ಲ, ಕರಕರ ಸದ್ದು ಮಾತ್ರ ಬಹಳ ಇಳಿಯಿತು. ದನಿ ಕಿವಿಗೆ ಚುಚ್ಚುತ್ತಿತ್ತಲ್ಲ, ಅದರ ಕಾರಣ ಇನ್ನೂ ಸಣ್ಣದು: ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋಓಮಿನ ವಾಲ್ಯೂಮ್ ಪಾಟ್ ಹಾಕುತ್ತಾರೆ, ಇದರಲ್ಲಿದ್ದದ್ದು 500ರದ್ದು. ಪಾಟ್ ಬದಲಿಸಲಿಲ್ಲ. ಟಿವಿ ರಿಪೇರಿ ಅಂಗಡಿಯಲ್ಲಿ 470 ಕಿಲೋಓಮಿನ ಒಂದು ರೆಸಿಸ್ಟರ್ ತಂದು ಪಾಟಿನ ಎರಡು ಹೊರಗಾಲುಗಳ ನಡುವೆ ಬೆಸುಗೆ ಹಾಕಿದೆ. ಎರಡೂ ಸೇರಿ 242 ಆಯಿತು. ಖರ್ಚು ಎರಡು ರೂಪಾಯಿ. ಪಿಕಪ್ಪುಗಳು ತಂತಿಗೆ ತೀರಾ ಹತ್ತಿರವಿದ್ದವು, ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತಿತ್ತು. ಸ್ಕ್ರೂಡ್ರೈವರ್‌ನಿಂದ ತುಸು ಕೆಳಗಿಳಿಸಿದೆ. ಅದಕ್ಕೆ ಖರ್ಚೇ ಇಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೊಂದಿಷ್ಟು ಕೆದಕಲು ಹೋಗಿ ನಡುವಿನ ಪಿಕಪ್ಪಿನ ಕೂದಲೆಳೆಯನ್ನು ಸ್ಕ್ರೂಡ್ರೈವರ್‌ನಿಂದ ಕಡಿದೆ. ಪಿಕಪ್ ಸತ್ತಿತು.

ಕುಕನೂರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಕಾಕಾ ಒಬ್ಬರಿದ್ದಾರೆ. ನಮ್ಮ ಹೊಲದ ಮೋಟಾರ್ ಸುಟ್ಟಾಗಲೆಲ್ಲ ಅವರೇ ಗತಿ. ಪಿಕಪ್ ಒಯ್ದು ಅವರ ಮುಂದಿಟ್ಟೆ.

‘ಏನಿದು ತಮ್ಮಾ, ಇಷ್ಟು ಸಣ್ಣ ಮೋಟಾರ್?’

‘ಮೋಟಾರ್ ಅಲ್ಲ ಕಾಕಾ, ಗಿಟಾರಿಂದು.’

‘ತಂತಿ ಸುತ್ತೇತಿ, ಒಳಗ ಮ್ಯಾಗ್ನೆಟ್ ಐತಿ. ಅಂದಮ್ಯಾಲ ನಮ್ಮ ಜಾತೀದ.’

ಕನ್ನಡಕ ಏರಿಸಿ, ಮೀಟರ್ ಹಚ್ಚಿ, ಹೊರಗಿನ ಎರಡು ಸುತ್ತು ಬಿಚ್ಚಿ ತುದಿ ಹಿಡಿದರು. ಎನಾಮಲ್ ಕೆರೆದು ಬೆಸುಗೆ ಇಟ್ಟರು. ಮೀಟರ್ 5.8 ಕಿಲೋಓಮ್ ತೋರಿಸಿತು. ರೊಕ್ಕ ಕೊಡಹೋದರೆ, ‘ಚಾ ತರಸು’ ಎಂದರು.

ಲಿಯೋ ಫೆಂಡರ್ ನೆನಪಾದದ್ದು ಆಗ. 1954ರಲ್ಲಿ ಸ್ಟ್ರಾಟೋಕಾಸ್ಟರ್ ತಂದ ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದವನು. ಆ ಕಾರ್ಖಾನೆಗೆ 1956ರಲ್ಲಿ ಸೇರಿದ ಅಬಿಗೈಲ್ ಇಬಾರಾ ಎಂಬಾಕೆ ಸುತ್ತಿದ ಪಿಕಪ್ಪುಗಳನ್ನು ಜನ ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಾವು ‘ಕ್ಲಾಸಿಕ್’ ಎಂದು ಬೆಲೆ ಕಟ್ಟುವ ದನಿಯ ಹಿಂದಿರುವುದು ರಿಪೇರಿಯವರ, ತಂತಿ ಸುತ್ತುವವರ ಕೈ. ಆ ಕೈಗಳು ನಮ್ಮ ತಾಲೂಕಿನಲ್ಲೂ ಇವೆ. ನಾವು ಮಾತ್ರ ಹೆಡ್‌ಸ್ಟಾಕ್ ಮೇಲಿನ ಹೆಸರಿಗೆ ಕಂತು ಕಟ್ಟುತ್ತೇವೆ.

ದುಬಾರಿ ಗಿಟಾರು ಸುಳ್ಳು ಎನ್ನುತ್ತಿಲ್ಲ. ಅದರ ಕುತ್ತಿಗೆ, ಕೀಲಿ ಎಲ್ಲ ಚೆನ್ನಾಗಿಯೇ ಇರುತ್ತವೆ. ಸಂಬಳ ಬರುವವರು ಕೊಳ್ಳಲಿ. ಸಂಬಳವಿಲ್ಲದ ನಾವು ಹಳೆಯದು ಕೊಳ್ಳುವಾಗ ಕುತ್ತಿಗೆ ಸೊಟ್ಟಗಿದೆಯೇ, ಫ್ರೆಟ್ ಸವೆದಿದೆಯೇ ಎಂದು ನೋಡಬೇಕು. ಉಳಿದದ್ದನ್ನು ಬೆಸುಗೆಯ ಕಡ್ಡಿಯಿಂದ ಸರಿಮಾಡಿಕೊಳ್ಳಬಹುದು. ಒಂದನ್ನು ಮಾತ್ರ ಬಿಡಬೇಡಿ: ಪೆಂಡಾಲಿನ ಬೋರ್ಡಿಗೆ ಅರ್ಥಿಂಗ್ ಇದೆಯೇ ಎಂದು ಕೇಳದೆ ಆಂಪ್ಲಿಫೈಯರ್ ಹಚ್ಚಬೇಡಿ. ಗಿಟಾರಿನ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಹೊಡೆದ ಶಾಕ್ ನನಗೆ ಇನ್ನೂ ನೆನಪಿದೆ.

ಈ ಸಲ ಗಣಪತಿ ಹಬ್ಬಕ್ಕೆ ನಮ್ಮ ಓಣಿಯಲ್ಲೇ ಕಾರ್ಯಕ್ರಮ. ಎದುರಿಗೆ ಬಣ್ಣದ ದೀಪದ ಸರ, ಪಕ್ಕದಲ್ಲಿ ಅದರ ಟ್ರಾನ್ಸ್‌ಫಾರ್ಮರ್. ಗುಂಯ್ ಶುರುವಾಯಿತು. ನಡುವಿನ ಪಿಕಪ್ಪನ್ನು ಅದರ ಪಕ್ಕದ್ದರ ಜೊತೆ ಸೇರಿಸಿ ನೋಡಿದೆ, ತಗ್ಗಲಿಲ್ಲ. ಕೆಲವು ಗಿಟಾರುಗಳಲ್ಲಿ ನಡುವಿನದನ್ನು ಉಲ್ಟಾ ಸುತ್ತಿರುತ್ತಾರೆ, ಹಾಗೆ ಜೋಡಿಸಿದರೆ ಗುಂಯ್ ಅಡಗುತ್ತದೆ. ನನ್ನದು ಅಂಥದ್ದಲ್ಲ. ನಿಂತಲ್ಲೇ ತುಸು ತಿರುಗಿದೆ. ಸುರುಳಿಯ ದಿಕ್ಕು ಬದಲಾದರೆ ಗುಂಯ್ ಕಡಿಮೆಯಾಗುತ್ತದೆ. ಹಾಗೇ ಅಡ್ಡ ನಿಂತು ಆರು ಹಾಡು ನುಡಿಸಿದೆ.

ಕೆಳಗಿಳಿದಾಗ ಅಣ್ಣ ಕೇಳಿದ, ‘ಗಿಟಾರ್ ಚಂದ ಕೇಳಿಸ್ತು. ಆದ್ರ ಎಲ್ಲಾ ಬಿಟ್ಟು ಗ್ವಾಡೀಗೆ ಯಾಕ ಮಕ ಮಾಡಿ ನಿಂತಿದ್ದಿ?’