ಸೇವಾ ಹಿರಿತನ: ರಕ್ಷಣೆಯೂ ಹೌದು, ಸಂಕೋಲೆಯೂ ಹೌದು

ವಿಮಾನ ಪೈಲಟ್‌ನ ವೃತ್ತಿಯಲ್ಲಿ ಹಾರಾಟದ ಅನುಭವದಷ್ಟೇ ತೂಕವುಳ್ಳ ಮತ್ತೊಂದು ಸಂಗತಿ ಸೇವಾ ಹಿರಿತನದ ಕ್ರಮಸಂಖ್ಯೆ. ಅಮೆರಿಕದ ದೊಡ್ಡ ವಿಮಾನಯಾನ ಸಂಸ್ಥೆಗಳಲ್ಲಿ ಸೇರಿದ ದಿನಾಂಕದಂತೆ ದೊರೆಯುವ ಈ ಸಂಖ್ಯೆಗೆ ಅಸಾಧಾರಣ ಮಹತ್ವವಿದೆ. ಸಹ ಪೈಲಟ್ ಕ್ಯಾಪ್ಟನ್ ಆಗುವ ಸರದಿ, ನಡೆಸುವ ವಿಮಾನ, ಕೆಲಸದ ಊರು, ರಜೆ ಎಲ್ಲವೂ ಅದನ್ನೇ ಅವಲಂಬಿಸಿವೆ. ನೌಕರರ ಕಡಿತದ ಕಾಲದಲ್ಲಿ ಕೊನೆಗೆ ಸೇರಿದವರು ಮೊದಲು ಹೊರಹೋಗುತ್ತಾರೆ.

ಈ ಪದ್ಧತಿಗೆ ಸಮರ್ಥನೆ ಇಲ್ಲದಿಲ್ಲ. ಶಿಫಾರಸು, ಸ್ವಜನಪಕ್ಷಪಾತಗಳಿಗೆ ಇದು ಅವಕಾಶ ನೀಡುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಹಾರಾಟವನ್ನು ನಿರಾಕರಿಸಿದ ಪೈಲಟ್‌ನ ಬಡ್ತಿಯನ್ನು ಅದೇ ಕಾರಣಕ್ಕೆ ತಡೆಹಿಡಿಯುವುದು ಕಷ್ಟವಾಗುತ್ತದೆ.

ಆದರೆ ಈ ಸಂಖ್ಯೆ ಸಂಸ್ಥೆಯ ಹೊಸ್ತಿಲನ್ನು ದಾಟುವುದಿಲ್ಲ. ಬೇರೆ ಸಂಸ್ಥೆಗೆ ಹೋದವರು ಎಷ್ಟೇ ಅನುಭವಿಗಳಾದರೂ ಪಟ್ಟಿಯ ತಳದಿಂದಲೇ ಆರಂಭಿಸಬೇಕು. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಟಿಡಬ್ಲ್ಯುಎ ಸಂಸ್ಥೆಯನ್ನು ಖರೀದಿಸಿದಾಗ ಆ ಸಂಸ್ಥೆಯ ಅರ್ಧಕ್ಕೂ ಹೆಚ್ಚು ಪೈಲಟ್‌ಗಳು ಪಟ್ಟಿಯ ಕೊನೆಗೆ ಸೇರ್ಪಡೆಯಾದರು. ಅದೇ ವರ್ಷದ ಸೆಪ್ಟೆಂಬರ್ ದಾಳಿಯ ನಂತರದ ಕಡಿತದಲ್ಲಿ ಅವರಲ್ಲಿ ಅನೇಕರು ಕೆಲಸ ಕಳೆದುಕೊಂಡರು. ಇಂತಹ ವಿಲೀನಗಳಲ್ಲಿ ಹಿರಿತನದ ಪಟ್ಟಿಗಳನ್ನು ನ್ಯಾಯಯುತವಾಗಿ ಒಂದುಗೂಡಿಸಬೇಕೆಂಬ ಕಾನೂನು ಅಲ್ಲಿ ಬಂದದ್ದು 2007ರಲ್ಲಿ.

ಭಾರತದ ಅನುಭವವೂ ಗಮನಾರ್ಹ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಕಂಪನಿಗಳು ಕಾಗದದ ಮೇಲೆ ಕೂಡಿದರೂ ಪೈಲಟ್‌ಗಳ ಬಡ್ತಿಯ ಪ್ರಶ್ನೆ ಬಗೆಹರಿಯಲಿಲ್ಲ. ಹೊಸ ಡ್ರೀಮ್‌ಲೈನರ್ ವಿಮಾನಗಳ ತರಬೇತಿ ಯಾರಿಗೆ ಸಲ್ಲಬೇಕೆಂಬ ವಿವಾದ 2012ರಲ್ಲಿ 58 ದಿನಗಳ ಮುಷ್ಕರಕ್ಕೆ ಕಾರಣವಾಯಿತು.

ಅದೇ ವರ್ಷ ಬೆಂಗಳೂರು ಮೂಲದ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಸಂಸ್ಥೆ ನಿಂತಾಗ ಹಿರಿತನದ ಪಟ್ಟಿಯೂ ಬೆಲೆ ಕಳೆದುಕೊಂಡಿತು. ಇನ್ನೊಂದೆಡೆ, 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಕೆಲಸ ಬಿಡುವ ಕ್ಯಾಪ್ಟನ್‌ಗಳಿಗೆ ಒಂದು ವರ್ಷದ, ಸಹ ಪೈಲಟ್‌ಗಳಿಗೆ ಆರು ತಿಂಗಳ ನೋಟಿಸ್ ಅವಧಿಯನ್ನು ವಿಧಿಸಿತು. ಪೈಲಟ್ ಒಮ್ಮೆಲೇ ಹೊರನಡೆದರೆ ವಿಮಾನಗಳು ರದ್ದಾಗುತ್ತವೆ, ತರಬೇತಿಗೆ ಹೂಡಿದ ಹಣ ಪ್ರತಿಸ್ಪರ್ಧಿಯ ಪಾಲಾಗುತ್ತದೆ ಎಂಬ ಮಾಲೀಕರ ಅಳಲು ನಿಜವೇ. ಆದರೆ ನೌಕರನಿಗೆ ಒಂದು ವರ್ಷದ ಕಟ್ಟು, ಸಂಸ್ಥೆಗೆ ಒಂದೇ ದಿನದಲ್ಲಿ ಬಾಗಿಲು ಮುಚ್ಚುವ ಸ್ವಾತಂತ್ರ್ಯ ಎಂಬುದು ಸಮತೂಕದ ಒಪ್ಪಂದವಲ್ಲ.

ಇದಕ್ಕೆ ಪರಿಹಾರ ಅಸಾಧ್ಯವೇನಲ್ಲ. ತರಬೇತಿಯ ವಾಸ್ತವ ವೆಚ್ಚಕ್ಕೆ ಸೀಮಿತವಾಗಿದ್ದು, ಸೇವೆ ಸಲ್ಲಿಸಿದಂತೆ ಇಳಿಯುತ್ತ ಹೋಗುವ ಬಾಂಡ್ ನ್ಯಾಯಸಮ್ಮತ. ಸಂಬಳ ಬಾಕಿ ಉಳಿದಾಗ ನೋಟಿಸ್ ಅವಧಿಯ ಕಟ್ಟು ತಾನಾಗಿಯೇ ಸಡಿಲಗೊಳ್ಳಬೇಕು. ವಿಲೀನದ ಒಪ್ಪಂದಕ್ಕೆ ಸಹಿ ಬೀಳುವ ಮುನ್ನವೇ ಹಿರಿತನದ ಸೂತ್ರ ನಿರ್ಧಾರವಾಗಬೇಕು. ಹಾರಾಟದ ಗಂಟೆಗಳಿಗೆ ಹೊಸ ಸಂಸ್ಥೆಯಲ್ಲೂ ವೇತನ ಮತ್ತು ಹುದ್ದೆಯ ರೂಪದಲ್ಲಿ ಮನ್ನಣೆ ದೊರೆಯಬೇಕು.

ಸಣ್ಣ ಕೈಗಾರಿಕೆಗಳಿಗೂ ಇದು ದೂರದ ಮಾತಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಪಳಗಿದ ಸಿಎನ್‌ಸಿ ಆಪರೇಟರ್ ಪಕ್ಕದ ಶೆಡ್ಡಿಗೆ ಹೋದಾಗ ಆಗುವ ನಷ್ಟ ಪ್ರತಿಯೊಬ್ಬ ಮಾಲೀಕನಿಗೂ ತಿಳಿದದ್ದೇ. ಅವನನ್ನು ಉಳಿಸಿಕೊಳ್ಳಲು ಕರಾರುಪತ್ರವೊಂದೇ ಸಾಲದು. ಬಡ್ತಿಯ ನಿಯಮ ಮೊದಲೇ ಸ್ಪಷ್ಟವಾಗಿರಬೇಕು, ಸಂಬಳ ತಪ್ಪದೆ ಕೈ ಸೇರಬೇಕು. ಕಟ್ಟಿ ಹಾಕಿದ ನೌಕರ ಕೆಲಸದಲ್ಲಿ ಉಳಿದಾನು. ಗೌರವ ಕಂಡ ನೌಕರ ಸಂಸ್ಥೆಯನ್ನು ಉಳಿಸುತ್ತಾನೆ.