ಚಿಮ್ಮಂಡೆಯ ಪಾಠ

ಕಳಸಕ್ಕೆ ಹತ್ತಿರದ ಕುದುರೆಮುಖದ ಕಾಡಿನಲ್ಲಿ ಕತ್ತಲಾದ ಮೇಲೆ ಚಿಮ್ಮಂಡೆಗಳನ್ನು ಕಣ್ಣಿನಿಂದ ಎಣಿಸಹೊರಟವರಿಗೆ ಸಿಗುವುದು ಅಷ್ಟಕ್ಕಷ್ಟೇ. ಕೆಲವು ಎಲೆಯೊಳಗೆ ಎಲೆಯಾಗಿರುತ್ತವೆ, ಕೆಲವು ಮರದ ನೆತ್ತಿಯಿಂದ ಇಳಿಯುವುದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು ಅಲ್ಲಿ ಕಿವಿಯನ್ನೇ ಉಪಕರಣ ಮಾಡಿಕೊಂಡರು. ಯಾವ ಜಾತಿಯದು ಯಾವ ಶ್ರುತಿ, ಯಾವ ಲಯ, ಕೂಗುವ ಹೊತ್ತು ಯಾವುದು ಎಂದು ಗುರುತಿಸಿದರು. ಪಳಗಿದ ಕಿವಿ ಹೇಳುವ ಲೆಕ್ಕವನ್ನು ನೆಚ್ಚಬಹುದು ಎಂದು 2007ರಲ್ಲಿ ಪ್ರಕಟವಾದ ಅವರ ಸಂಶೋಧನೆ ತೋರಿಸಿತು.

ಮೂಡಿಗೆರೆ, ಕಳಸದ ಶಾಲೆಗಳ ಕಿಟಕಿಯಾಚೆಗೂ ಇಂಥ ಗದ್ದಲಕ್ಕೆ ಬರವಿಲ್ಲ. ಹಗಲು ಜೀರುಂಡೆ, ಇರುಳು ಚಿಮ್ಮಂಡೆ. ಒಳಗೆ ಮಾತ್ರ ‘ಶಬ್ದ’ ಎಂಬ ಪಾಠ ಕರಿಹಲಗೆಯ ಮೇಲಿನ ಅಂಕುಡೊಂಕು ಗೆರೆ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಅಂಕವುಂಟು. ಕೇಳಿ ಗುರುತಿಸಿದರೆ ಇಲ್ಲ.

ಧ್ವನಿಯ ಮೂಲಕ ಕಲಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ. ಆಕಾಶವಾಣಿಯ ‘ಕೇಳಿ ಕಲಿ’ ಸರ್ಕಾರಿ ಶಾಲೆಗಳ ತರಗತಿಯೊಳಗೇ ಬಂದಿತ್ತು. ಆದರೆ ಬಾನುಲಿ ಪಾಠದಲ್ಲಿ ಧ್ವನಿ ವಿಷಯವನ್ನು ವಿವರಿಸುತ್ತದೆ. ಕಾಡಿನಲ್ಲಿ ಧ್ವನಿಯೇ ವಿಷಯ. ಗಂಡು ಚಿಮ್ಮಂಡೆ ಮುಂದಿನ ರೆಕ್ಕೆಗಳನ್ನು ಉಜ್ಜಿದಾಗ ಒಂದರ ಹಲ್ಲುಸಾಲು ಇನ್ನೊಂದರ ಅಂಚಿಗೆ ತಾಗಿ ಸದ್ದು ಹೊರಡುತ್ತದೆ. ಮಕ್ಕಳು ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದು ನೋಡಲಿ: ಬೇಗ ಎಳೆದರೆ ಶ್ರುತಿ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಆವೃತ್ತಿ ಎಂದರೇನೆಂದು ಬಾಯಿಪಾಠ ಮಾಡಿಸಬೇಕಿಲ್ಲ. ಚಿಮ್ಮಂಡೆಯ ಕಿವಿ ಇರುವುದು ಮುಂಗಾಲಿನಲ್ಲಿ ಎಂದರಂತೂ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಕಣ್ಣು ಕಾಣದ ಮಗು ಈ ಪಾಠದಲ್ಲಿ ಪಕ್ಕದವರ ವಿವರಣೆಗೆ ಕಾಯಬೇಕಾಗಿಯೂ ಇಲ್ಲ.

ಕಾಫಿಗೆ ಹೂಮಳೆ ತರುವ ಮಾರ್ಚ್-ಏಪ್ರಿಲ್‌ನ ಗುಡುಗು ಮತ್ತೊಂದು ಪ್ರಯೋಗ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ತರಗತಿಯೊಳಗೆ ಕುಳಿತೇ ಮಿಂಚಿನಿಂದ ಗುಡುಗಿನವರೆಗೆ ಸೆಕೆಂಡು ಎಣಿಸಿ 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಸಿಕ್ಕಿತು.

ಹಾಗೆಂದು ಎಲ್ಲವನ್ನೂ ಕಿವಿಗೇ ಬಿಡಲಾಗದು. ಅದಕ್ಕೆ ಸಾಕ್ಷಿಯೂ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಪರಿಚಯಿಸಿದ ಪುಟ್ಟ ಕಪ್ಪೆಯೊಂದರ ವೈಜ್ಞಾನಿಕ ಹೆಸರಿನಲ್ಲಿ ಇಲ್ಲಿನ ಊರು ಕೊಟ್ಟಿಗೆಹಾರವಿದೆ. ಅದರ ವಾಸ ಹರಿಯುವ ಹಳ್ಳದ ಬಂಡೆಗಳ ಮೇಲೆ. ನೀರಿನ ಸದ್ದಿನ ನಡುವೆ ಗಂಡು ಕೂಗುವುದಷ್ಟೇ ಅಲ್ಲ, ಹಿಂಗಾಲು ಚಾಚಿ, ಬೆರಳ ನಡುವಿನ ಪೊರೆಯನ್ನು ಅರಳಿಸಿಯೂ ತೋರಿಸುತ್ತದೆ. ಇದನ್ನು ಕಲಿಸಲು ವಿಡಿಯೊ ಬೇಕೇ ಬೇಕು. ಚಿಮ್ಮಂಡೆಗಾದರೆ ಮೇಷ್ಟ್ರ ಜೇಬಿನ ಮೊಬೈಲಿನಲ್ಲಿ ಹಿಂದಿನ ರಾತ್ರಿ ಹಿಡಿದಿಟ್ಟ ಧ್ವನಿ ಸಾಕು.