ಹುಲಿ ಸಿಕ್ಕಿತಾ, ಟೀಚರ್?

ನಾಗರಹೊಳೆಗೆ ಹೋಗಿ ಬಂದೆವೆಂದು ಹೇಳಿ ನೋಡಿ, ಎದುರಿದ್ದವರು ಕೇಳುವುದು ಒಂದೇ ಪ್ರಶ್ನೆ: "ಹುಲಿ ಸಿಕ್ಕಿತಾ?" ತರಕಾರಿ ಅಂಗಡಿಯವನಿಂದ ಹಿಡಿದು ನನ್ನ ಅತ್ತಿಗೆಯವರೆಗೆ ಎಲ್ಲರದ್ದೂ ಅದೇ ಮಾತು. ಸಿಗಲಿಲ್ಲ ಎಂದರೆ, ಹೆಣ್ಣು ನೋಡಲು ಹೋಗಿ ಬರಿಗೈಲಿ ಬಂದವರನ್ನು ನೋಡುವಂತೆ ನೋಡುತ್ತಾರೆ.

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯ ಮಕ್ಕಳನ್ನು ನಾವಿಬ್ಬರು ಟೀಚರುಗಳು ಕರೆದುಕೊಂಡು ಹೋಗಿದ್ದೆವು. ಬೆಳಕು ಹರಿಯುವ ಮೊದಲೇ ಮೂರ್ನಾಡು ಬಿಟ್ಟು, ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ದಾಟಿ ಕುಟ್ಟದ ದಾರಿ ಹಿಡಿದೆವು. ಕೈಚೀಲದಲ್ಲಿ ಚಿತ್ರಾನ್ನ, ವಾಂತಿಯಾಗುವ ಮಕ್ಕಳಿಗೆಂದು ನಿಂಬೆಹಣ್ಣು. ಪ್ರವಾಸ ಏರ್ಪಡಿಸಿದವರು ಒಬ್ಬ ಗೈಡನ್ನೂ ಕಳಿಸಿದ್ದರು. ಒಳ್ಳೆಯ ಹುಡುಗ, ಹುಲಿಯ ತೂಕ, ಹುಲಿಯ ಓಟ, ಹುಲಿಯ ಹೆಜ್ಜೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದ. ನಮಗೆ ಕಂಡದ್ದು ಜಿಂಕೆ, ಕಾಟಿ, ದೂರದಲ್ಲೊಂದು ಒಂಟಿ ಆನೆ.

ಒಂದು ಹಡ್ಲಿನ ಬದಿಯಲ್ಲಿ ಬಸ್ಸು ನಿಂತಾಗ ಹಿಂದಿನ ಸೀಟಿನ ಹುಡುಗಿಯೊಬ್ಬಳು ಎದ್ದು ನಿಂತಳು. ಜೇನುಕುರುಬರ ಮಗು. ನಮ್ಮೂರ ಹತ್ತಿರದ ಕಾಫಿ ತೋಟದ ಲೈನ್ ಮನೆಯಲ್ಲಿದ್ದವಳು. ತರಗತಿಯಲ್ಲಿ ಬಾಯೇ ಬಿಡದವಳು ಅಂದು ಗಟ್ಟಿಯಾಗಿ ಹೇಳಿದಳು: "ಟೀಚರ್, ಅಜ್ಜಿ ಹೇಳುವ ಮಾವಿನಮರ ಅದೇ ಇರಬೇಕು. ನಮ್ಮ ಹಾಡಿ ಇಲ್ಲೇ ಇದ್ದದ್ದಂತೆ."

ನಾನೇನು ಮಾಡಿದೆ ಗೊತ್ತೇ? ತುಟಿಯ ಮೇಲೆ ಬೆರಳಿಟ್ಟು, "ಶ್! ಸುಮ್ನೆ ಕೂತ್ಕೋ, ಪ್ರಾಣಿ ಓಡಿಹೋಗ್ತದೆ" ಎಂದೆ. ಗೈಡ್ ಹೇಳಲಿಲ್ಲ, ಡ್ರೈವರ್ ಹೇಳಲಿಲ್ಲ. ಹೇಳಿದ್ದು ನಾನು, ಬಿ.ಎಡ್. ಮಾಡಿದವಳು. ಮರುದಿನ 'ನಾನು ಕಂಡ ನಾಗರಹೊಳೆ' ಎಂದು ಪ್ರಬಂಧ ಬರೆಸಿದೆ. ಅವಳು ಬರೆದದ್ದು ಒಂದೇ ಸಾಲು: ನಾವು ಹುಲಿ ನೋಡಲಿಲ್ಲ. ಕೆಂಪು ಶಾಯಿಯಲ್ಲಿ 'ಇನ್ನೂ ವಿವರವಾಗಿ ಬರೆ' ಎಂದು ನಾನು ಬರೆದೆ. ಆ ಕೆಂಪು ಶಾಯಿ ಇಂದಿಗೂ ನನ್ನ ಕಣ್ಣಿಗೆ ಚುಚ್ಚುತ್ತದೆ.

ನಾಗರಹೊಳೆ ಅಭಯಾರಣ್ಯವಾದದ್ದು 1955ರಲ್ಲಿ, ರಾಷ್ಟ್ರೀಯ ಉದ್ಯಾನವಾದದ್ದು 1988ರಲ್ಲಿ. ಇಷ್ಟನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದರು, ಕೆಲವು ಹಾಡಿಗಳಲ್ಲಿ ಇಂದಿಗೂ ಇದ್ದಾರೆ ಎಂಬುದನ್ನು ಯಾರು ಹೇಳುತ್ತಾರೆ? ಕಾಡಿನಿಂದ ಹೊರಬಿದ್ದವರಲ್ಲಿ ಬಹಳ ಮಂದಿ ಎಲ್ಲಿಗೆ ಹೋದರು? ದೂರ ಹುಡುಕಬೇಡಿ, ನಮ್ಮ ತೋಟಗಳ ಲೈನ್ ಮನೆಗಳಿಗೆ ಬಂದರು. ನಾವು ಬೆಳಿಗ್ಗೆ ಕುಡಿಯುವ ಕಾಫಿಯ ಹಣ್ಣು ಕುಯ್ದವರಲ್ಲಿ ಅವರೂ ಇದ್ದಾರೆ.

"ಹಾಗಾದರೆ ಕಾಡು ಹಾಳಾಗಲಿ ಎನ್ನುತ್ತೀರಾ?" ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಕಾನೂನಿನ ಬೇಲಿ ಇಲ್ಲದಿದ್ದರೆ ಬೀಟೆಯೂ ಉಳಿಯುತ್ತಿರಲಿಲ್ಲ, ದಂತವೂ ಉಳಿಯುತ್ತಿರಲಿಲ್ಲ. ಶಾಲೆ, ಆಸ್ಪತ್ರೆ, ಕರೆಂಟು ಬೇಕೆಂದು ತಾವಾಗಿಯೇ ಹೊರಬಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ನೆಲೆಸಿದವರೂ ಇದ್ದಾರೆ. ಕಾಡಲ್ಲಿರಬೇಕೋ ಊರಲ್ಲಿರಬೇಕೋ ಎಂದು ಅವರ ಪರವಾಗಿ ತೀರ್ಮಾನಿಸಲು ನಾನು ಯಾರು? ಆದರೆ ಕಾಡು ಹಾಳುಮಾಡಿದವರು ಅವರೇ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ನಮ್ಮ ಜಿಲ್ಲೆಯ ಹಳೆಯ ಬಂಗಲೆಗಳ ಗೋಡೆಯ ಮೇಲೆ ಕೊಂಬು, ತಲೆಗಳು ನೇತಾಡುವುದನ್ನು ನೀವೂ ನೋಡಿರುತ್ತೀರಿ. ಅವು ಹಾಡಿಯವರ ಗುಡಿಸಲಲ್ಲಿ ನೇತಾಡಲಿಲ್ಲ.

1990ರ ದಶಕದಲ್ಲಿ ಇದೇ ಕಾಡಿನೊಳಗೆ ದೊಡ್ಡ ಹೋಟೆಲೊಂದಕ್ಕೆ ಜಾಗ ಕೊಡಲಾಗಿತ್ತು. ಹಾಡಿಯವರು ಪ್ರತಿಭಟಿಸಿದರು, ಕೋರ್ಟಿಗೆ ಹೋದರು, 1997ರಲ್ಲಿ ಹೈಕೋರ್ಟಿನ ತೀರ್ಪು ಅವರ ಪರವಾಗಿ ಬಂತು. ಹುಲ್ಲಿನ ಗುಡಿಸಲು ಕಾಡಿಗೆ ಭಾರ, ಹೋಟೆಲು ಭಾರವಲ್ಲ, ಇದು ಯಾವ ಲೆಕ್ಕ? 2006ರ ಅರಣ್ಯ ಹಕ್ಕು ಕಾಯಿದೆ ಬಂದು ಇಷ್ಟು ವರ್ಷಗಳಾದ ಮೇಲೆ, 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ಜಾಗವೆಂದು ಕರಡಿಕಲ್ಲು ಅತ್ತೂರು ಕೊಲ್ಲಿಗೆ ಹಿಂದಿರುಗಿ ಗುಡಿಸಲು ಹಾಕಿದವು. ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಮಾವಿನಮರ. ಅದೇ ವರ್ಷ ನವೆಂಬರಿನಲ್ಲಿ, ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ, ನಾಗರಹೊಳೆ ಮತ್ತು ಬಂಡೀಪುರದ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತು. ನನ್ನ ಪರಿಚಯದವರಲ್ಲಿ ಹೆಚ್ಚಿನವರು ಮರುಗಿದ್ದು ತಪ್ಪಿಹೋದ ಸಫಾರಿಗೆ.

ದೇವರಪುರದ ಕುಂಡೆ ಹಬ್ಬದಂದು ಕುರುಬರು, ಯರವರು ವೇಷ ಹಾಕಿಕೊಂಡು ಬಂದು ದೇವರನ್ನೂ ಬೈಯುತ್ತಾರೆ, ದಾರಿಯಲ್ಲಿ ಸಿಕ್ಕ ನಮ್ಮನ್ನೂ ಬೈಯುತ್ತಾರೆ. ನಾವು ನಕ್ಕು ಕಾಸು ಕೊಡುತ್ತೇವೆ. ವರ್ಷಕ್ಕೊಂದು ದಿನ ಅವರ ಬಾಯಿ, ಉಳಿದಷ್ಟೂ ದಿನ ನಮ್ಮದೇ ಬಾಯಿ.

ತಾಯಂದಿರೇ, ಟೀಚರುಗಳೇ, ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ, ಬೇಡವೆನ್ನುವುದಿಲ್ಲ. ಆದರೆ ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ: ಕಾಡು ತೋರಿಸುವವರಲ್ಲಿ ಹಾಡಿಯವರು ಒಬ್ಬರಾದರೂ ಇದ್ದಾರೆಯೇ? ಅವರಿಗೆ ಬಾಯಿ ಬಿಡಲು ಅವಕಾಶವಿದೆಯೇ, ತಕ್ಕ ಸಂಬಳವಿದೆಯೇ? ಜೇನು ಯಾವ ಮರದಲ್ಲಿ ಕಟ್ಟುತ್ತದೆ, ಯಾವ ಗೆಡ್ಡೆ ತಿನ್ನಬಹುದು ಎಂಬುದನ್ನು ಹೇಳಲು ಅವರಿಗಿಂತ ಬಲ್ಲ ಗೈಡ್ ಬೇರೆ ಯಾರಿದ್ದಾರೆ? ಹತ್ತು ಸ್ಕೂಲಿನವರು ಹೀಗೆ ಕೇಳಿದರೆ ಹನ್ನೊಂದನೆಯವರಿಗೆ ಅದು ತಾನಾಗಿ ಸಿಗುತ್ತದೆ.

ಆ ಹುಡುಗಿ ಹೈಸ್ಕೂಲು ಮುಗಿಸಲಿಲ್ಲ. ಈಚೆಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು, ಕಂಕುಳಲ್ಲಿ ಮಗು. "ಚೆನ್ನಾಗಿದ್ದೀರಾ ಟೀಚರ್?" ಎಂದಳು. ಚೆನ್ನಾಗಿದ್ದೇನೆ ಎಂದೆ. ಆ ಮಾವಿನಮರದ ಮಾತು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವಳ ಬಸ್ಸು ಬಂತು. ಅಂದು ಬಸ್ಸಿನಲ್ಲೇ ಕೇಳಬೇಕಾಗಿತ್ತು.